ಮನೆಗೆ ಕ್ಯಾಮೆರಾ, ಪ್ರಿಂಟರ್ ತರುವ ಮುಂಚೆ: ನಮ್ಮ ಮನೆಯ ಲೆಕ್ಕ



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಜೇನುಹುಳದ ಬಗ್ಗೆ ಬರೆದಿದ್ದೆ. ಈ ಸಲದ್ದು ಬೇರೆ ವಿಷಯ. ಮನೆಗೆ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಫೋಟೋ ಪ್ರಿಂಟರ್ ತರಬೇಕು ಅಂದರೆ ಏನೇನು ನೋಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಅಂತ. "ಇದೆಂಥದು ಮಾರಾಯ, ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ" ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆವು.

ಹೋದ ವರ್ಷ ಆಷಾಢದಲ್ಲಿ ನಮ್ಮ ಅಜ್ಜ ತೀರಿಕೊಂಡರು. ಕಾರ್ಯದ ದಿನ ಹಾರ ಹಾಕಿ ಇಡಲು ಒಂದು ಫೋಟೋ ಬೇಕಿತ್ತು. ಅಜ್ಜನ ಫೋಟೋಗಳೆಲ್ಲ ಚಿಕ್ಕಪ್ಪನ ಫೋನಿನಲ್ಲಿದ್ದವು. ದೀಪಾವಳಿಯದು, ಅಕ್ಕನ ಮದುವೆಯದು, ತೋಟದಲ್ಲಿ ಅಡಿಕೆ ಗೊನೆ ಹಿಡಿದು ನಿಂತದ್ದು, ಎಲ್ಲವೂ. ಆ ಫೋನು ಅದಕ್ಕೆ ಹದಿನೈದು ದಿನ ಮುಂಚೆ ಗದ್ದೆ ಉಳುವಾಗ ಕೆಸರಿಗೆ ಬಿದ್ದಿತ್ತು. ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹುಗಿದಿಟ್ಟದ್ದಾಯ್ತು, ಪೇಟೆಯಲ್ಲಿ ರಿಪೇರಿಗೆ ಕೊಟ್ಟದ್ದಾಯ್ತು. "ಬೋರ್ಡೇ ಹೋಗಿದೆ, ಏನೂ ತೆಗೆಯೋಕಾಗಲ್ಲ" ಅಂದರು. ಒಂದೂ ಫೋಟೋ ಕಾಗದದ ಮೇಲೆ ಇರಲಿಲ್ಲ.

ಕೊನೆಗೆ ಅಜ್ಜನ ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಅದರಲ್ಲಿ ಹುಬ್ಬು ಎಲ್ಲಿ ಮುಗಿಯಿತು, ಕಣ್ಣು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಅಜ್ಜಿ ನೋಡಿ "ಇದು ಯಾರು?" ಅಂದರು. ನಾವು ಯಾರೂ ಉತ್ತರ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಅಮ್ಮ ಸಂಘದ ಉಳಿತಾಯದ ದುಡ್ಡು ತೆಗೆದರು. "ಅಜ್ಜಿಯದೂ ಹಿಂಗಾಗಬಾರದು. ಒಂದು ಕ್ಯಾಮೆರಾ ತರೋಣ, ಆದರೆ ಪ್ರಿಂಟರೂ ತರೋಣ, ಮನೇಲೇ ಫೋಟೋ ಮಾಡೋಣ" ಅಂದರು. ಅಪ್ಪಯ್ಯ "ಎರಡೂ ಸೇರಿ ಹದಿನೈದು ಸಾವಿರ. ಅದರ ಮೇಲೆ ಒಂದು ರೂಪಾಯಿ ಇಲ್ಲ" ಅಂದರು. ವಿಚಾರಿಸಿಕೊಂಡು ಬರುವ ಕೆಲಸ ನನಗೆ ಬಂತು. ಈ ಲೇಖನ ಬರೆದದ್ದು ಹಾಗೆ.

ಮೊದಲು ಅಜ್ಜನ ಫೋಟೋ ಯಾಕೆ ಕೆಟ್ಟಿತು ಅನ್ನುವುದನ್ನು ಹೇಳುತ್ತೇನೆ. ಅದು ತಿಳಿದರೆ ಕ್ಯಾಮೆರಾ ಅಂಗಡಿಯವರ ಅರ್ಧ ಮಾತು ನಿಮಗೆ ತಿಳಿದ ಹಾಗೆ.

ಡಿಜಿಟಲ್ ಫೋಟೋ ಅಂದರೆ ಚುಕ್ಕಿ ರಂಗೋಲಿ ಇದ್ದ ಹಾಗೆ. ಸಾಲು ಸಾಲಾಗಿ ಚುಕ್ಕಿ. ಒಂದೊಂದು ಚುಕ್ಕಿಗೂ ಒಂದೊಂದು ಬಣ್ಣ. ಈ ಚುಕ್ಕಿಗೆ ಪಿಕ್ಸೆಲ್ ಅಂತ ಹೆಸರು. ಹತ್ತು ಲಕ್ಷ ಪಿಕ್ಸೆಲ್ ಆದರೆ ಒಂದು ಮೆಗಾಪಿಕ್ಸೆಲ್. ಫೋಟೋ ಹತ್ತಿರ ಹಿಡಿದು ನೋಡಿದರೂ ಚುಕ್ಕಿ ಕಾಣಬಾರದು ಅಂದರೆ ಕಾಗದದ ಒಂದು ಅಂಗುಲದಲ್ಲಿ ಸುಮಾರು 300 ಚುಕ್ಕಿ ಇರಬೇಕು. ಸ್ಟುಡಿಯೋದವರು ಮ್ಯಾಕ್ಸಿ ಅನ್ನುವ 4×6 ಅಂಗುಲದ ಫೋಟೋಗೆ ಲೆಕ್ಕ ಹಾಕಿ: 4×300 ಅಂದರೆ 1200, 6×300 ಅಂದರೆ 1800. ಎರಡನ್ನೂ ಗುಣಿಸಿದರೆ 21 ಲಕ್ಷ 60 ಸಾವಿರ. ಅಂದರೆ ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಗೋಡೆಗೆ ಹಾಕುವ 8×12 ಅಂಗುಲಕ್ಕೂ 86 ಲಕ್ಷ ಚುಕ್ಕಿ ಸಾಕು. ಗಣಿತದ ಮೇಷ್ಟ್ರಿಗೆ ತೋರಿಸಿದ್ದೇನೆ, ಲೆಕ್ಕ ಸರಿ ಇದೆ ಅಂದಿದ್ದಾರೆ.

ಈಗ ವೋಟರ್ ಕಾರ್ಡಿನ ಫೋಟೋ. ಅದರ ಅಗಲ ಸುಮಾರು ಒಂದು ಅಂಗುಲ. ಸ್ಕ್ಯಾನ್ ಮಾಡಿದರೆ 300 ಚುಕ್ಕಿ ಬಂತು ಅಂತಿಟ್ಟುಕೊಳ್ಳಿ. ಅದನ್ನು 8 ಅಂಗುಲಕ್ಕೆ ಎಳೆದರೆ ಅಂಗುಲಕ್ಕೆ ಮೂವತ್ತೇಳು ಚುಕ್ಕಿ. ನಡುವಿನ ಜಾಗವನ್ನು ಕಂಪ್ಯೂಟರ್ ಅಕ್ಕಪಕ್ಕ ನೋಡಿ ಅಂದಾಜಿನ ಮೇಲೆ ತುಂಬುತ್ತದೆ. ಅಜ್ಜನ ಕಣ್ಣು ಆ ಅಂದಾಜಿನಲ್ಲೇ ಹೋಯಿತು. ಎಷ್ಟು ಒಳ್ಳೆಯ ಮಷೀನು ಇದ್ದರೂ ಇಲ್ಲದ ಚುಕ್ಕಿಯನ್ನು ಎಲ್ಲಿಂದ ತರುತ್ತದೆ?

ಫೋನಿನಲ್ಲಿ ಮೆಸೇಜ್ ಮಾಡಿ ಕಳಿಸಿದ ಫೋಟೋಗಳೂ ಹೀಗೇ. ದತ್ತಾಂಶ ಉಳಿಸಲು ಅವು ದಾರಿಯಲ್ಲೇ ಚಿಕ್ಕದಾಗುತ್ತವೆ. 4×6 ಮಾಡಿಸಲು ಪರವಾಗಿಲ್ಲ, ಗೋಡೆಗೆ ಸಾಲದು. ಪ್ರಿಂಟಿಗೆ ಬೇಕಾದ ಫೋಟೋವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಇನ್ನು ಕ್ಯಾಮೆರಾ. ಮೊದಲನೆಯ ಡಿಜಿಟಲ್ ಕ್ಯಾಮೆರಾ ಮಾಡಿದವರು ಅಮೆರಿಕದ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಅದರಲ್ಲಿ ಇದ್ದದ್ದು 100×100, ಬರೇ ಹತ್ತು ಸಾವಿರ ಚುಕ್ಕಿ. ಕಪ್ಪು ಬಿಳುಪು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಏರಲು 23 ಸೆಕೆಂಡ್ ಬೇಕಿತ್ತು. ಅದೇ ಕೊಡಕ್ ಕಂಪನಿ ಫಿಲ್ಮ್ ರೋಲು ಮಾರುವುದನ್ನೇ ನೆಚ್ಚಿಕೊಂಡಿದ್ದು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಡಿಜಿಟಲ್ ಕ್ಯಾಮೆರಾಕ್ಕೂ ಅದೇ ಗತಿ ಬಂತು. 2010ರಲ್ಲಿ ಜಪಾನಿನ ಕಂಪನಿಗಳು ವರ್ಷಕ್ಕೆ ಸುಮಾರು 12 ಕೋಟಿ ಕ್ಯಾಮೆರಾ ಕಳಿಸುತ್ತಿದ್ದವು. ಫೋನ್ ಬಂದ ಮೇಲೆ 2023ರ ಹೊತ್ತಿಗೆ ಅದು 80 ಲಕ್ಷದ ಆಸುಪಾಸಿಗೆ ಇಳಿಯಿತು. ಅದಕ್ಕೇ ಶಿವಮೊಗ್ಗದಲ್ಲಿ ನಾನು, ಅಪ್ಪಯ್ಯ ಮೂರು ಅಂಗಡಿ ಹತ್ತಿದರೂ ಹೊಸ ಸಣ್ಣ ಕ್ಯಾಮೆರಾ ಒಂದೂ ಸಿಗಲಿಲ್ಲ. ಲೆನ್ಸ್ ಬಿಚ್ಚಿ ಹಾಕುವ ದೊಡ್ಡ ಕ್ಯಾಮೆರಾ ತೋರಿಸಿದರು. ನಲವತ್ತು ಸಾವಿರದ ಮೇಲೆ. ಅಪ್ಪಯ್ಯ ಮುಟ್ಟಲೂ ಇಲ್ಲ.

ಅಲ್ಲಿಂದ ಬಂದು ಚಿಕ್ಕಪ್ಪನ ಹೊಸ ಫೋನಿನಲ್ಲಿ ಹುಡುಕಿದೆ. "48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್" ಅಂತ ಮೂರು ನಾಲ್ಕು ಸಾವಿರಕ್ಕೆ ಹೆಸರು ಕೇಳದ ಕ್ಯಾಮೆರಾಗಳು ರಾಶಿ ರಾಶಿ ಇವೆ. ನನಗೆ ಆಸೆಯಾಯಿತು. ಸ್ನೇಹಿತರೇ, ಇಲ್ಲಿ ಎಚ್ಚರ. ಇಂಥವುಗಳಲ್ಲಿ ಎಷ್ಟೋ ಕ್ಯಾಮೆರಾಗಳ ಒಳಗೆ ನಿಜವಾಗಿ ಇರುವ ಚುಕ್ಕಿ ಕಡಿಮೆ. ಉಳಿದದ್ದನ್ನು ಅಂದಾಜಿನ ಮೇಲೆ ತುಂಬಿ 48 ಅಂತ ಬರೆದಿರುತ್ತಾರೆ. ಅಜ್ಜನ ಫೋಟೋಗೆ ಆದದ್ದೇ ಇಲ್ಲಿ ಡಬ್ಬಿಯ ಒಳಗೇ ಆಗುತ್ತದೆ. ಜೂಮ್ ಕೂಡ ಹಾಗೇ. ಲೆನ್ಸ್ ಹಿಂದೆ ಮುಂದೆ ಸರಿದು ಹತ್ತಿರ ತರುವುದು ಆಪ್ಟಿಕಲ್ ಜೂಮ್. ಅದು ನಿಜದ್ದು. ಚಿತ್ರದ ನಡುವಿನ ತುಂಡು ಕತ್ತರಿಸಿ ಎಳೆಯುವುದು ಡಿಜಿಟಲ್ ಜೂಮ್. ಅದಕ್ಕೆ ಒಂದು ಪೈಸೆ ಬೆಲೆ ಕೊಡಬೇಡಿ.

ಮೆಗಾಪಿಕ್ಸೆಲ್ಲಿಗಿಂತ ಮುಖ್ಯವಾದದ್ದು ಸೆನ್ಸರ್, ಅಂದರೆ ಒಳಗೆ ಬೆಳಕು ಬೀಳುವ ಚಿಪ್ಪು. ಸಣ್ಣ ಕ್ಯಾಮೆರಾಗಳಲ್ಲಿ ಅದು ಸಾಧಾರಣವಾಗಿ 6 ಮಿ.ಮೀ. ಉದ್ದ, 4.5 ಮಿ.ಮೀ. ಅಗಲ. ಒಂದು ಕಡಲೆಬೇಳೆಯಷ್ಟು. ನಲವತ್ತು ಸಾವಿರದ ಕ್ಯಾಮೆರಾದಲ್ಲಿ ಸುಮಾರು 22 ಮಿ.ಮೀ. ಉದ್ದ, 15 ಮಿ.ಮೀ. ಅಗಲ. ವಿಸ್ತೀರ್ಣ ಲೆಕ್ಕ ಹಾಕಿದರೆ ಹತ್ತು ಪಟ್ಟಿಗೂ ಹೆಚ್ಚು. ಮಳೆ ಬರುವಾಗ ಸೂರಿನ ಕೆಳಗೆ ಒಂದು ಲೋಟ, ಒಂದು ಬೋಗುಣಿ ಇಟ್ಟು ನೋಡಿ. ಜೋರು ಮಳೆಗೆ ಎರಡೂ ತುಂಬುತ್ತವೆ. ತುಂತುರು ಮಳೆಯಾದರೆ ಲೋಟದ ತಳ ಮಾತ್ರ ಒದ್ದೆ. ಬೆಳಕಿಗೂ ಹಾಗೆ. ಬಿಸಿಲಿನಲ್ಲಿ ಸಣ್ಣ ಕ್ಯಾಮೆರಾ ಚೆನ್ನಾಗಿಯೇ ತೆಗೆಯುತ್ತದೆ. ನಮ್ಮಂಥ ಕತ್ತಲೆ ನಡುಮನೆಯಲ್ಲಿ ತೆಗೆದರೆ ಚಿತ್ರದ ಮೇಲೆ ಉಪ್ಪು ಖಾರ ಉದುರಿಸಿದ ಹಾಗೆ ಬರುತ್ತದೆ. ಹಾಗಾದರೆ ಏನು ಮಾಡುವುದು? ದೊಡ್ಡ ಸೆನ್ಸರಿಗೆ ದುಡ್ಡಿಲ್ಲ, ಅಜ್ಜಿಯನ್ನು ಬೆಳಕಿಗೆ ಕರೆದುಕೊಂಡು ಬರುವುದು. ಅದಕ್ಕೆ ಖರ್ಚಿಲ್ಲ.

ಕಡೆಗೆ ನಾವು ಹಳೆ ಕ್ಯಾಮೆರಾ, ಅಂದರೆ ಸೆಕೆಂಡ್ ಹ್ಯಾಂಡ್ ತಗೊಳ್ಳುವುದು ಅಂತ ಆಯಿತು. 12 ಮೆಗಾಪಿಕ್ಸೆಲ್, 5 ಪಟ್ಟು ಆಪ್ಟಿಕಲ್ ಜೂಮ್, ನಾಲ್ಕೂವರೆ ಸಾವಿರ. ಮೊದಲು ಇವು ಇನ್ನೂ ಅಗ್ಗ ಇದ್ದವಂತೆ. ಈಗ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರಿಗೆ ಹಳೆ ಕ್ಯಾಮೆರಾದ ಹುಚ್ಚು ಹಿಡಿದು ರೇಟು ಏರಿದೆ ಅಂತ ಅಂಗಡಿಯವರೇ ಹೇಳಿದರು. ಫೋನೇ ಸಾಕಿರಲಿಲ್ಲವಾ ಅಂದರೆ, ಒಳ್ಳೆ ಫೋನ್ ಇದ್ದವರಿಗೆ ಸಾಕು, ಖಂಡಿತ ಸಾಕು. ನಮ್ಮ ಮನೆಯಲ್ಲಿ ಇರುವ ಒಂದು ಫೋನನ್ನು ಚಿಕ್ಕಪ್ಪ ಗದ್ದೆಗೆ ಒಯ್ಯುತ್ತಾರೆ. ಮತ್ತೆ ಅದು ಬಿದ್ದರೆ?

ಹಳೆಯದು ತಗೊಳ್ಳುವಾಗ ನೋಡಬೇಕಾದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾವು ಒಂದು ಸಲ ಮೋಸ ಹೋಗುವುದರಲ್ಲಿದ್ದೆವು. ಅಂಗಡಿಯವರು ಮೊದಲು ತೋರಿಸಿದ ಕ್ಯಾಮೆರಾ ಹೊಸದರ ಹಾಗೆ ಹೊಳೆಯುತ್ತಿತ್ತು. ಅಪ್ಪಯ್ಯ ಬ್ಯಾಟರಿ ಬಿಟ್ಟು ಲೆನ್ಸಿನ ಮೇಲೆ ಓರೆಯಾಗಿ ಬೆಳಕು ಹಾಕಿದರು. ಒಳಗೆ ಜೇಡರ ಬಲೆಯ ಎಳೆಯಂತೆ ಬಿಳಿ ಬಿಳಿ. ಅದು ಬೂಸಲು! ನಮ್ಮ ಮಲೆನಾಡಿನ ಮಳೆಗೆ ಚಪ್ಪಲಿಗೆ, ಬೆಲ್ಟಿಗೆ ಬೂಸಲು ಹಿಡಿಯುವ ಹಾಗೆ ಲೆನ್ಸಿನ ಗಾಜಿಗೂ ಹಿಡಿಯುತ್ತದೆ. ಒಳಗಿನದನ್ನು ಒರೆಸಲು ಬರುವುದಿಲ್ಲ. "ಏನೂ ಆಗಲ್ಲ ಯಜಮಾನ್ರೇ, ಫೋಟೋದಲ್ಲಿ ಕಾಣಲ್ಲ" ಅಂದರು. ಅಪ್ಪಯ್ಯ "ನಿಮಗೇ ಇರಲಿ" ಅಂದರು.

ಎರಡನೆಯದಕ್ಕೆ ನಾನು ಬರೆದುಕೊಂಡು ಹೋಗಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆವು. ಗೋಡೆಗೆ ದಿನಪತ್ರಿಕೆ ಹಾಳೆ ಹಿಡಿದು ನೇರವಾಗಿ ನಿಂತು ಫೋಟೋ ತೆಗೆದು, ನಾಲ್ಕು ಮೂಲೆಯ ಅಕ್ಷರವೂ ಓದಲು ಬರುತ್ತದಾ ನೋಡಿದೆವು. ಲೆನ್ಸನ್ನು ಕೈಯಿಂದ ಪೂರ್ತಿ ಮುಚ್ಚಿ ಒಂದು ತೆಗೆದೆವು. ಪೂರ್ತಿ ಕಪ್ಪು ಬರಬೇಕು, ಕೆಂಪು ಬಿಳಿ ಚುಕ್ಕಿ ಇದ್ದರೆ ಸೆನ್ಸರಿನಲ್ಲಿ ಅಷ್ಟು ಜಾಗ ಸತ್ತಿದೆ ಅಂತ ಅರ್ಥ. ಜೂಮ್ ಹಿಂದೆ ಮುಂದೆ ಮಾಡಿ ಕರಕರ ಸದ್ದು ಬರುತ್ತದಾ ಕೇಳಿದೆವು. ಇನ್ನು ಮೆಮೊರಿ ಕಾರ್ಡು. 2 ಜಿಬಿವರೆಗಿನದು ಬರೀ ಎಸ್‌ಡಿ, ಅಲ್ಲಿಂದ 32 ಜಿಬಿವರೆಗೆ ಎಸ್‌ಡಿಎಚ್‌ಸಿ, ಅದಕ್ಕೂ ದೊಡ್ಡದು ಎಸ್‌ಡಿಎಕ್ಸ್‌ಸಿ. ನೋಡಲು ಮೂರೂ ಒಂದೇ ತರ. ಹಳೆ ಕ್ಯಾಮೆರಾಗೆ ಈಗಿನ 64 ಜಿಬಿ ಕಾರ್ಡ್ ಹಾಕಿದರೆ ಎಷ್ಟೋ ಸಲ ಗುರುತೇ ಹಿಡಿಯುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಅಂತ ಜನ ತಿಳಿಯುತ್ತಾರೆ. ನಾವು 16 ಜಿಬಿಯದು ಹಾಕಿದ್ದೇವೆ.

ಬ್ಯಾಟರಿ ಬಗ್ಗೆ ಒಂದು ಮಾತು. ಕೆಲವು ಹಳೆ ಕ್ಯಾಮೆರಾಗಳ ಬ್ಯಾಟರಿ ಈಗ ಬರುವುದೇ ಇಲ್ಲ. ಆಗ ಕ್ಯಾಮೆರಾ ಕಪಾಟಿನಲ್ಲಿ ಇಡುವ ಬೊಂಬೆ. ನಮ್ಮದು ಪೆನ್ಸಿಲ್ ಸೆಲ್ ಹಾಕುವಂಥದ್ದು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ನಾಲ್ಕು ಫೋಟೋಗೇ ಮುಗಿಯಿತು. ಚಾರ್ಜ್ ಮಾಡುವ ಸೆಲ್ಲು ತಂದ ಮೇಲೆ ತೊಂದರೆ ಇಲ್ಲ.

ಸಂಪಾದಕಿ ಅಕ್ಕ ಎರಡು ಹಾಳೆಯಲ್ಲಿ ಮುಗಿಸು ಅಂದಿದ್ದರು. ಪ್ರಿಂಟರು ಇನ್ನೂ ಬಾಕಿ ಇದೆ. ಮೂರನೆಯ ಹಾಳೆ ಅಂಟಿಸುತ್ತಿದ್ದೇನೆ, ಕ್ಷಮಿಸಬೇಕು.

ಮನೆಗೆ ತರುವ ಫೋಟೋ ಪ್ರಿಂಟರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಇಂಕ್‌ಜೆಟ್, ಅಂದರೆ ಶಾಯಿ ಚಿಮ್ಮಿಸುವಂಥದ್ದು. ಅದರ ತಲೆಯಲ್ಲಿ ಕೂದಲಿಗಿಂತ ಸಣ್ಣ ತೂತುಗಳು. ಕೆಲವು ಕಂಪನಿಯದರಲ್ಲಿ ಪುಟ್ಟ ಹೀಟರು ಶಾಯಿಯನ್ನು ಕಾಯಿಸಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಶಾಯಿಯನ್ನು ಹೊರಗೆ ತಳ್ಳುತ್ತದೆ. ಕೆಲವದರಲ್ಲಿ ಕರೆಂಟು ಕೊಟ್ಟರೆ ಬಾಗುವ ಹರಳು ಇರುತ್ತದೆ, ಅದು ಒತ್ತುತ್ತದೆ. ಹನಿಯ ಅಳತೆ ಪಿಕೋಲೀಟರಿನಲ್ಲಿ. ಒಂದು ಪಿಕೋಲೀಟರ್ ಅಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ! ನೀಲಿ, ನೇರಳೆಗೆಂಪು, ಹಳದಿ, ಕಪ್ಪು ಈ ನಾಲ್ಕೇ ಶಾಯಿಯಿಂದ ಎಲ್ಲ ಬಣ್ಣವೂ ಆಗಬೇಕು.

ಇನ್ನೊಂದು ಜಾತಿ ಡೈ ಸಬ್ಲಿಮೇಷನ್. ಇದರಲ್ಲಿ ದ್ರವದ ಶಾಯಿಯೇ ಇಲ್ಲ. ತೆಳು ರಿಬ್ಬನ್ನಿನ ಮೇಲೆ ಬಣ್ಣ ಇರುತ್ತದೆ. ಬಿಸಿ ಮಾಡಿದರೆ ಬಣ್ಣ ರಿಬ್ಬನ್ನಿನಿಂದ ಕಾಗದದೊಳಗೆ ಇಳಿಯುತ್ತದೆ. ಕಾಗದ ನಾಲ್ಕು ಸಲ ಹೋಗಿ ಬರುತ್ತದೆ. ಹಳದಿಗೆ ಒಂದು, ನೇರಳೆಗೆಂಪಿಗೆ ಒಂದು, ನೀಲಿಗೆ ಒಂದು, ಕೊನೆಗೆ ಮೇಲೊಂದು ಪಾರದರ್ಶಕ ಲೇಪ. ಬೆಂಗಳೂರಿನಲ್ಲಿ ಅತ್ತೆಯ ಮನೆಯಲ್ಲಿ ಇದೆ. ನಾನು ಕೂತು ನೋಡಿದ್ದೇನೆ, ಒಂದು ನಿಮಿಷದೊಳಗೆ ಫೋಟೋ ಕೈಗೆ ಬಂತು. ಮುಗಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದರೆ ನಾವು ಪ್ರಿಂಟ್ ಮಾಡಿದ ಮುಖಗಳೆಲ್ಲ ಅದರಲ್ಲಿ ತಿರುವುಮುರುವು ಬಣ್ಣದಲ್ಲಿ ಕಾಣುತ್ತವೆ, ಭಾರೀ ಮಜಾ. ಇದರ ಗುಣ ಏನೆಂದರೆ ಆರು ತಿಂಗಳು ಸುಮ್ಮನಿಟ್ಟರೂ ಒಣಗುವುದು ಅಂತ ಇಲ್ಲ. ದೋಷ ಏನೆಂದರೆ 4×6ಕ್ಕಿಂತ ದೊಡ್ಡದು ಮಾಡಲು ಬರುವುದಿಲ್ಲ. ಅಜ್ಜಿಯ ಗೋಡೆ ಫೋಟೋಗೆ ಉಪಯೋಗವಿಲ್ಲ.

ಇಂಕ್‌ಜೆಟ್ಟಿನಲ್ಲೂ ಎರಡು ಬಗೆ. ಕಾರ್ಟ್ರಿಜ್ ಹಾಕುವಂಥದ್ದು ಅಗ್ಗ, ನಾಲ್ಕು ಸಾವಿರದ ಸುತ್ತಮುತ್ತ ಬರುತ್ತದೆ. ಆದರೆ ಅದು ಆಕಳು ಕೊಟ್ಟು ಹಿಂಡಿಗೆ ದುಡ್ಡು ಕೀಳುವ ವ್ಯಾಪಾರ. ಸಣ್ಣ ಕಾರ್ಟ್ರಿಜ್ಜಿನ ಮೇಲೆ ನೂರು, ನೂರಿಪ್ಪತ್ತು ಪುಟ ಅಂತ ಬರೆದಿರುತ್ತದೆ. ಆ ಪುಟ ಅಂದರೆ ಹೆಚ್ಚು ಜಾಗ ಬಿಳಿಯೇ ಇರುವ ಅಕ್ಷರದ ಪುಟ. ಫೋಟೋದಲ್ಲಿ ಮೂಲೆಯಿಂದ ಮೂಲೆಗೆ ಶಾಯಿ. ಹಾಗಾಗಿ ಬೇಗ ಬರಿದಾಗುತ್ತದೆ. ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರಿಗೆ ನಾವು ಕೇಳಿದ ದಿನ ಹನ್ನೆರಡು ಸಾವಿರ ಹೇಳಿದರು. ಶಾಯಿ ತುಂಬ ಅಗ್ಗ, ತುಂಬ ದಿನ ಬರುತ್ತದೆ. ಅಮ್ಮನ ಕಣ್ಣು ಇದರ ಮೇಲೇ ಇತ್ತು.

ಆದರೆ ನಮ್ಮೂರಿನಲ್ಲಿ ಇಂಕ್‌ಜೆಟ್ಟಿಗೆ ಒಂದು ಶತ್ರು ಇದೆ. ಅದು ಕರೆಂಟು. ಪ್ರಿಂಟರನ್ನು ಅದರ ಬಟನ್ನಿನಲ್ಲೇ ಆಫ್ ಮಾಡಿದರೆ ತಲೆ ಒಂದು ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ, ಶಾಯಿ ಒಣಗುವುದಿಲ್ಲ. ನಡುವೆ ಕರೆಂಟು ಹೋದರೆ ತಲೆ ದಾರಿಯಲ್ಲೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟು ಇಲ್ಲ ಅಂದರೆ ತೂತುಗಳು ಕಟ್ಟಿಕೊಳ್ಳಬಹುದು. ತಿಂಗಳುಗಟ್ಟಲೆ ಉಪಯೋಗಿಸದೆ ಇಟ್ಟರೂ ಹಾಗೇ. ವಾರಕ್ಕೆ ಒಂದಾದರೂ ಬಣ್ಣದ ಹಾಳೆ ತೆಗೆಯಬೇಕು. ಕಟ್ಟಿಕೊಂಡರೆ ಅದನ್ನು ತೊಳೆಯಲು ಪ್ರಿಂಟರು ಮತ್ತೆ ಶಾಯಿಯನ್ನೇ ಚೆಲ್ಲುತ್ತದೆ.

ಈ ಲೇಖನದ ಪಕ್ಕದಲ್ಲಿ ಮೂರು ಫೋಟೋ ಅಂಟಿಸಿದ್ದೇನೆ, ನೋಡಿ. ಮೂರೂ ನಮ್ಮ ಶಾಲೆಯ ಧ್ವಜಕಟ್ಟೆಯದೇ. ಒಂದು ಸ್ಟುಡಿಯೋದ್ದು, ಒಂದು ಅತ್ತೆಯ ಮನೆಯ ಪ್ರಿಂಟರಿನದು, ಒಂದು ಜೆರಾಕ್ಸ್ ಅಂಗಡಿಯ ಇಂಕ್‌ಜೆಟ್ಟಿನಲ್ಲಿ ಸಾದಾ ಕಾಗದದ ಮೇಲೆ ತೆಗೆಸಿದ್ದು. ವಿಜ್ಞಾನದ ಮೇಷ್ಟ್ರು ಹೇಳಿದ ಹಾಗೆ ಅರ್ಧಕ್ಕೆ ರಟ್ಟು ಮುಚ್ಚಿ ಡಿಸೆಂಬರಿನಿಂದ ಮಾರ್ಚಿವರೆಗೆ ತೆಂಕಣ ಕಿಟಕಿಗೆ ಕಟ್ಟಿದ್ದೆ. ಸಾದಾ ಕಾಗದದ್ದು ಬಿಸಿಲಿಗೆ ಬಿದ್ದ ಅರ್ಧ ಮಾಸಿದೆ, ಬಾವುಟದ ಕೇಸರಿ ಮಣ್ಣು ಬಣ್ಣಕ್ಕೆ ಬಂದಿದೆ. ಉಳಿದ ಎರಡರಲ್ಲಿ ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮೂಲೆಗೆ ಒಂದೊಂದು ಹನಿ ನೀರನ್ನೂ ಹಾಕಿದ್ದೇನೆ. ಹರಡಿಕೊಂಡದ್ದು ಯಾವುದು ಅಂತ ನಾನು ಹೇಳಬೇಕಾಗಿಲ್ಲ. ಇಂಕ್‌ಜೆಟ್ಟಿನಲ್ಲೂ ಲೇಪ ಇರುವ ಫೋಟೋ ಕಾಗದ ಹಾಕಿದರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಬರುತ್ತದೆ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಕು, ತಂಡಿ ಹಿಡಿದರೆ ಸುರುಟಿಕೊಳ್ಳುತ್ತದೆ.

ಕೊನೆಗೆ ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಲೆಕ್ಕ ಮಾಡಿದೆವು. ಹಬ್ಬ, ಮದುವೆ, ಸ್ಕೂಲ್ ಡೇ ಎಲ್ಲ ಸೇರಿಸಿ ನಮ್ಮ ಮನೆಗೆ ವರ್ಷಕ್ಕೆ 60 ಫೋಟೋ ಬೇಕಾಗಬಹುದು. ಸ್ಟುಡಿಯೋದಲ್ಲಿ 4×6ಕ್ಕೆ 15 ರೂಪಾಯಿ. ವರ್ಷಕ್ಕೆ 900. ಮನೆಯಲ್ಲಿ ಮಾಡಿದರೆ ಕಾಗದ, ಶಾಯಿ ಸೇರಿ 8 ರೂಪಾಯಿ ಅಂತ ಇಟ್ಟುಕೊಂಡೆವು. ಒಂದು ಫೋಟೋಗೆ ಉಳಿಯುವುದು 7 ರೂಪಾಯಿ. ಪ್ರಿಂಟರಿನ 12,000ವನ್ನು 7ರಿಂದ ಭಾಗಿಸಿದರೆ 1714 ಫೋಟೋ. ವರ್ಷಕ್ಕೆ 60ರಂತೆ 28 ವರ್ಷ! ಅಷ್ಟು ವರ್ಷ ಯಾವ ಪ್ರಿಂಟರೂ ಬದುಕುವುದಿಲ್ಲ. ಅಮ್ಮ ಸುಮ್ಮನಾದರು. ಮರುದಿನ ಬೆಳಿಗ್ಗೆ ಅವರೇ ಇನ್ನೊಂದು ಲೆಕ್ಕ ತಂದರು. ಬ್ಯಾಂಕಿಗೆ, ಸ್ಕಾಲರ್‌ಶಿಪ್ಪಿಗೆ ಅಂತ ಊರಿನವರೆಲ್ಲ ಪಾಸ್‌ಪೋರ್ಟ್ ಫೋಟೋಗೆ ಬಸ್ಸಿನಲ್ಲಿ ಪೇಟೆಗೆ ಹೋಗುತ್ತಾರೆ. 35×45 ಮಿ.ಮೀ.ನ ಎಂಟು ಫೋಟೋ ಒಂದೇ 4×6 ಹಾಳೆಯಲ್ಲಿ ಹಿಡಿಯುತ್ತವೆ. ಹಾಳೆಗೆ 40 ರೂಪಾಯಿ ತಗೊಂಡರೂ 375 ಹಾಳೆಗೆ ಪ್ರಿಂಟರಿನ ದುಡ್ಡು ಬಂತು. ಇದು ಒಂದು ಮನೆಗೆ ಆಗುವ ಮಾತಲ್ಲ, ಸಂಘಕ್ಕಾದರೆ ಆದೀತು. ಈಗ ಸಂಘದಲ್ಲಿ ಚರ್ಚೆ ನಡೆದಿದೆ. ಇನ್ನೂ ತೀರ್ಮಾನ ಆಗಿಲ್ಲ.

ನಮ್ಮ ಮನೆಗೆ ಮಾತ್ರ ಪ್ರಿಂಟರ್ ತರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಅಜ್ಜಿಯನ್ನು ಜಗಲಿಯ ಅಂಚಿನಲ್ಲಿ ಕೂರಿಸಿದೆ. ಬಿಸಿಲು ಮುಖಕ್ಕೆ ಬೀಳಬಾರದು, ಬೆಳಕು ಮಾತ್ರ ಬೀಳಬೇಕು. ಫ್ಲಾಷ್ ಹಾಕಲಿಲ್ಲ. ಅಜ್ಜಿ ಸೀರೆ ಬದಲಾಯಿಸಿ, ಹೂ ಮುಡಿಯಲೋ ಬೇಡವೋ ಅಂತ ಕೇಳಿ, ಮುಡಿಯದೆ ಕೂತರು. ಇಪ್ಪತ್ತು ತೆಗೆದೆ. ಆಮೇಲೆ ಎಲ್ಲರನ್ನೂ ಸೇರಿಸಿ ಅಡ್ಡಕ್ಕೆ ಒಂದು ತೆಗೆದೆ. ಅದರ 4×6 ಬಂದಾಗ ಹಿಂದೆ ನಿಂತ ದೊಡ್ಡಪ್ಪನ ತಲೆ ಅರ್ಧಕ್ಕೆ ಕತ್ತರಿಸಿತ್ತು. ಸ್ಟುಡಿಯೋದವರ ತಪ್ಪಲ್ಲ. ಕ್ಯಾಮೆರಾದ ಚಿತ್ರ 4000×3000, ಅಂದರೆ 4:3. ಕಾಗದ 3:2. 4000ಕ್ಕೆ ಹೊಂದಬೇಕಾದರೆ 2667 ಸಾಲು ಮಾತ್ರ ಹಿಡಿಯುತ್ತವೆ, 333 ಸಾಲು ಹೋಗುತ್ತವೆ. ಈಗ ನಾನು ತಲೆಯ ಮೇಲೆ ಜಾಗ ಬಿಟ್ಟು ತೆಗೆಯುತ್ತೇನೆ. ದೊಡ್ಡಪ್ಪ ಇನ್ನೂ ಅದನ್ನು ಮರೆತಿಲ್ಲ.

ಅಜ್ಜಿಯ ಫೋಟೋವನ್ನು 8×12 ಮಾಡಿಸಿ ಕಟ್ಟು ಹಾಕಿಸಿದೆವು. ಅಜ್ಜಿ ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಮೂಗುತಿ ಕಲ್ಲು ಕಾಣ್ತದೆ" ಅಂದರು. ಬದುಕಿರುವವರ ಫೋಟೋವನ್ನು ಗೋಡೆಗೆ ಹಾಕಬಾರದು ಅಂತ ಅವರೇ ಹೇಳಿ, ಸೀರೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಎಲ್ಲ ಫೋಟೋಗಳ ಒಂದು ಪ್ರತಿ ಕಾರ್ಡಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಅತ್ತೆಯ ಮನೆಯ ಕಂಪ್ಯೂಟರಿನಲ್ಲಿ ಇದೆ.

ಯಾರಿಗಾದರೂ ಮನೆಯ ಹಿರಿಯರ ಫೋಟೋ ತೆಗೆಸಬೇಕಿದ್ದರೆ ಭಾನುವಾರ ಬೆಳಿಗ್ಗೆ ಬರುತ್ತೇನೆ. ಸೆಲ್ಲು ನಾನೇ ತರುತ್ತೇನೆ. ಪ್ರಿಂಟಿನ 15 ರೂಪಾಯಿ ನಿಮ್ಮದು. ಮಳೆ ಹಿಡಿದ ಮೇಲೆ ಮಾತ್ರ ಕೇಳಬೇಡಿ, ಕ್ಯಾಮೆರಾವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತೇವೆ.